ಗಿಡ ನೆಟ್ಟ ಸರ್ಟಿಫಿಕೇಟ್ ಇದ್ದರೆ ಡಬ್ಬಿಯ ಮೇಲೆ ‘ಕಾರ್ಬನ್ ನ್ಯೂಟ್ರಲ್’ ಅಂತ ಬರೆಯಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ರಟ್ಟಿನ ಡಬ್ಬಿ ಮಾಡುವ ಮಧ್ಯಮ ಗಾತ್ರದ ಕಂಪನಿಯಲ್ಲಿದ್ದೇನೆ. ಲೇಬಲ್, ಬ್ರೋಷರ್‌ಗಳ ಮೇಲಿನ ಮಾತು ಬರೆಯುವುದು ನನ್ನ ಕೆಲಸ. ನಮ್ಮ ಕಾರ್ಖಾನೆ ವರ್ಷಕ್ಕೆ 6,000 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಅಂತ ಕಳೆದ ವರ್ಷ ಹೊರಗಿನವರು ಲೆಕ್ಕ ಹಾಕಿ ಕೊಟ್ಟರು. ಒಬ್ಬ ಮಧ್ಯವರ್ತಿಯ ಮೂಲಕ ನಾವು 6,000 ಕಾರ್ಬನ್ ಕ್ರೆಡಿಟ್ ಕೊಂಡೆವು (ಬೇರೆ ಕಡೆ ಒಂದು ಟನ್ ಡೈಆಕ್ಸೈಡ್ ಹೀರಿಸಿದ್ದಕ್ಕೆ ಇಲ್ಲವೇ ತಡೆದದ್ದಕ್ಕೆ ಒಂದು ಕ್ರೆಡಿಟ್). 2,000 ಕ್ರೆಡಿಟ್ 10,000 ಗಿಡ ನೆಟ್ಟದ್ದಕ್ಕೆ, 4,000 ಒಂದು ಕಾಡನ್ನು ಕಡಿಯದಂತೆ ಉಳಿಸಿದ್ದಕ್ಕೆ. ಎರಡಕ್ಕೂ ಸರ್ಟಿಫಿಕೇಟ್ ಇದೆ. ಈಗ ಪ್ರತಿ ಡಬ್ಬಿಯ ಮೇಲೂ ‘ಕಾರ್ಬನ್ ನ್ಯೂಟ್ರಲ್’ ಎಂದು ಅಚ್ಚು ಹಾಕಿಸಿ ಅಂತ ಮಾಲೀಕರು ಹೇಳಿದ್ದಾರೆ. ಒಬ್ಬ ಸಹೋದ್ಯೋಗಿ ‘ಇದೆಲ್ಲ ದೊಡ್ಡ ಮೋಸ, ಕಾಗದದ ವ್ಯಾಪಾರ’ ಅನ್ನುತ್ತಾರೆ. ಇನ್ನೊಬ್ಬರು ‘ಮರ ಇಂಗಾಲ ಹೀರುತ್ತದೆ ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು. ಬಿಟ್ಟಷ್ಟು ಹೀರಿಸಿದರೆ ಲೆಕ್ಕ ಚುಕ್ತಾ ಅಲ್ವಾ?’ ಅನ್ನುತ್ತಾರೆ. ಇಬ್ಬರ ಮಾತೂ ಸರಿ ಅನ್ನಿಸುತ್ತದೆ, ಇಬ್ಬರ ಮಾತಿನಲ್ಲೂ ಏನೋ ಕೊರತೆ ಅನ್ನಿಸುತ್ತದೆ. ಬರೆಯಬೇಕಾದವಳು ನಾನು. ಬರೆದರೆ ಸುಳ್ಳಾಗುತ್ತದೆಯೇ? ಬರೆಯದಿದ್ದರೆ ಮಾಲೀಕರಿಗೆ ಏನು ಹೇಳಲಿ?

ಉತ್ತರ: ಡಬ್ಬಿ ಅಚ್ಚಿಗೆ ಹೋಗುವ ಮುಂಚೆ ಕೇಳಿದಿರಲ್ಲ, ಅದೇ ದೊಡ್ಡದು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅಚ್ಚಾಗಿ, ಮಾರುಕಟ್ಟೆಗೆ ಹೋಗಿ, ಯಾರೋ ಗ್ರಾಹಕರು ‘ಇದಕ್ಕೆ ಆಧಾರ ಏನು?’ ಅಂತ ಕೇಳಿದ ಮೇಲೆ ಬರುತ್ತಾರೆ.

ಆ ಪದ ಬರೆಯಬೇಡಿ ಅನ್ನುವುದು ನನ್ನ ಸಲಹೆ. ಹಾಗಂತ ಕ್ರೆಡಿಟ್ ಕೊಂಡದ್ದಕ್ಕೆ ನಾಚಿಕೊಳ್ಳಬೇಕಾಗಿಯೂ ಇಲ್ಲ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಸರ್ಟಿಫಿಕೇಟ್ ನಂಬಬಹುದೇ ಅನ್ನುವುದು ಒಂದು. ನಂಬಬಹುದು ಅಂತಲೇ ಇಟ್ಟುಕೊಂಡರೂ, 6,000ದಲ್ಲಿ 6,000 ಕಳೆದು ಸೊನ್ನೆ ಅನ್ನಬಹುದೇ ಅನ್ನುವುದು ಇನ್ನೊಂದು. ಜನ ಜಗಳ ಆಡುವುದೆಲ್ಲ ಮೊದಲನೆಯದರ ಬಗ್ಗೆ. ನಿಮ್ಮ ಡಬ್ಬಿಯ ಮಟ್ಟಿಗೆ ಮುಖ್ಯವಾದದ್ದು ಎರಡನೆಯದು.

ಇಂಥ ಯೋಜನೆಗಳನ್ನು ಜಾಗಕ್ಕೆ ಹೋಗಿ ತಪಾಸಣೆ ಮಾಡಿ ವರದಿ ಬರೆಯುವುದೇ ಬಹಳ ವರ್ಷ ನನ್ನ ಕೆಲಸವಾಗಿತ್ತು. ಹಾಗಾಗಿ ಕೆಳಗಿನ ಕೆಲವು ಮಾತು ನನ್ನ ಮೇಲೂ ಬೀಳುತ್ತವೆ.

ಮೊದಲು ಗಿಡದ ಲೆಕ್ಕ. ನಿಮ್ಮ ಎರಡನೇ ಸಹೋದ್ಯೋಗಿ ಹೇಳಿದ್ದು ನಿಜ, ಮರ ಇಂಗಾಲ ಹೀರುತ್ತದೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಇಂಗಾಲದ ಪರಮಾಣು ತೂಕ 12, ಇಂಗಾಲದ ಡೈಆಕ್ಸೈಡಿನ ಅಣುತೂಕ 44. ಅಂದರೆ ಮರದಲ್ಲಿ 1 ಕೆಜಿ ಇಂಗಾಲ ಕೂತರೆ ಗಾಳಿಯಿಂದ ಸುಮಾರು 3.67 ಕೆಜಿ ಡೈಆಕ್ಸೈಡ್ ಇಳಿದ ಹಾಗೆ. (ಮುಕ್ಕಾಲು ಕೆಜಿಯಷ್ಟು ತೂಗುವ 1 ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ ಡೈಆಕ್ಸೈಡ್ ಬರುವುದೂ ಇದೇ ಕಾರಣಕ್ಕೆ. ಹೆಚ್ಚಿನ ತೂಕ ಗಾಳಿಯ ಆಮ್ಲಜನಕದ್ದು. ಇದನ್ನು ಹೇಳಿದಾಗಲೆಲ್ಲ ಸಭೆಯಲ್ಲಿ ಒಬ್ಬರಾದರೂ ನನ್ನನ್ನು ಸಂಶಯದಿಂದ ನೋಡುತ್ತಾರೆ.)

ಈಗ ನಿಮ್ಮ 10,000 ಗಿಡ. ಅವುಗಳ ಹೆಸರಲ್ಲಿ 2,000 ಟನ್ ಅಂದರೆ ಗಿಡವೊಂದಕ್ಕೆ 200 ಕೆಜಿ ಡೈಆಕ್ಸೈಡ್. ಅಷ್ಟು ಹೀರಬೇಕಾದರೆ ಒಂದೊಂದು ಗಿಡವೂ, ಬೇರು ಸೇರಿಸಿ, ಸುಮಾರು 110 ಕೆಜಿ ಒಣ ತೂಕದ ಮರ ಆಗಬೇಕು. ಒಂದೂ ಸಾಯಬಾರದು. ಇದು ಈ ವರ್ಷ ಆಗುವ ಮಾತಲ್ಲ. ಯಾವ ಜಾತಿ, ಎಂಥ ಮಣ್ಣು, ಎಷ್ಟು ಮಳೆ ಅನ್ನುವುದರ ಮೇಲೆ ಹತ್ತೋ, ಇಪ್ಪತ್ತೋ, ಮೂವತ್ತೋ ವರ್ಷ ಹಿಡಿಯುತ್ತದೆ. ನಿಮ್ಮ ಬಾಯ್ಲರ್ ಮಾತ್ರ ತನ್ನ ಪಾಲಿನದನ್ನು ಕಳೆದ ವರ್ಷವೇ ಬಿಟ್ಟಾಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತೇವಲ್ಲ, ಇಲ್ಲಿ ಕುಲಾವಿ ಹೊಲಿಸಿ ಅದನ್ನು ಮಾರಿಯೂ ಆಗಿದೆ.

ಎಲ್ಲ ಗಿಡದ ಕ್ರೆಡಿಟ್ಟೂ ಹೀಗಲ್ಲ. ಕೆಲವು ಯೋಜನೆಗಳಲ್ಲಿ ಮರ ಬೆಳೆದ ಮೇಲೆ, ಕಾಂಡದ ಸುತ್ತಳತೆ ಹಿಡಿದು, ಅಷ್ಟಕ್ಕೆ ಮಾತ್ರ ಕ್ರೆಡಿಟ್ ಕೊಡುತ್ತಾರೆ. ನಿಮ್ಮದು ಯಾವ ಬಗೆ ಅಂತ ಸರ್ಟಿಫಿಕೇಟಿನಲ್ಲೇ ಗೊತ್ತಾಗುತ್ತದೆ. ಇಂಗಾಲ ಹೀರಿದ ವರ್ಷ ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಕಳೆದುಹೋದ ವರ್ಷ ಇದ್ದರೆ ಅಳೆದು ಕೊಟ್ಟದ್ದು. ಮುಂದಿನ ವರ್ಷಗಳಿದ್ದರೆ, ಇಲ್ಲವೇ ‘ನಿರೀಕ್ಷಿತ’ ಅನ್ನುವ ಅರ್ಥದ ಪದ ಇದ್ದರೆ, ನಿಮ್ಮ ಕೈಯಲ್ಲಿರುವುದು ಬರೀ ಆಶ್ವಾಸನೆ.

ನಾನು ಒಂದು ನೆಡುತೋಪಿಗೆ ಎರಡು ಸಲ ಹೋಗಿದ್ದೆ. ಮೊದಲ ಸಲ ಸಾಲುಸಾಲು ಸಸಿಗಳು, ಪ್ರತಿಯೊಂದಕ್ಕೂ ಗೂಟ, ಗೂಟಕ್ಕೆ ನಂಬರ್. ಎಣಿಸಿ ಸುಸ್ತಾಗಿ ಸಂತೋಷದಿಂದ ವಾಪಸ್ ಬಂದೆ. ಮೂರು ವರ್ಷ ಬಿಟ್ಟು ಹೋದರೆ ಗೂಟಗಳು ಹಾಗೇ ಇದ್ದವು. ಗಿಡ ಅರ್ಧದಷ್ಟು ಇರಲಿಲ್ಲ. ಯಾರೂ ಕದ್ದಿರಲಿಲ್ಲ, ಮೋಸ ಮಾಡಿರಲಿಲ್ಲ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ನೆಡುವ ದಿನಕ್ಕೆ ಹಣ ಇತ್ತು, ನೀರು ಹಾಕಲು ಇರಲಿಲ್ಲ. ಮೊದಲ ವರದಿಯಲ್ಲಿ ನಾನು ಸಹಿ ಹಾಕಿದ್ದ ಸಂಖ್ಯೆ ಅಷ್ಟರಲ್ಲಿ ಎಲ್ಲೆಲ್ಲಿಗೋ ಮಾರಾಟವಾಗಿ ಹೋಗಿತ್ತು.

ಗಿಡವನ್ನು ಎಲ್ಲಿ ನೆಟ್ಟರು ಅನ್ನುವುದನ್ನೂ ಕೇಳಬೇಕು. ಹುಲ್ಲುಗಾವಲು ಬರಡು ಜಾಗ ಅಲ್ಲ, ಅದರ ಇಂಗಾಲ ಮಣ್ಣಿನೊಳಗೆ ಇರುತ್ತದೆ. ಜೌಗು ನೆಲದ ಅರೆಕೊಳೆತ ಸಸ್ಯಗಳ ಪದರದ ಕಥೆ ಇನ್ನೂ ಸೂಕ್ಷ್ಮ. ಭೂಮಿಯ ನೆಲದಲ್ಲಿ ಅಂಥ ಜಾಗ ಸುಮಾರು ನೂರಕ್ಕೆ 3 ಪಾಲು ಮಾತ್ರ, ಆದರೂ ಪ್ರಪಂಚದ ಎಲ್ಲ ಕಾಡುಗಳ ಮರಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅಲ್ಲಿದೆ. ಅದರ ನೀರು ಬಸಿದು ಗಿಡ ನೆಟ್ಟರೆ ಬರುವುದಕ್ಕಿಂತ ಹೋಗುವುದೇ ಜಾಸ್ತಿ.

ಸರಿ, ನಿಮ್ಮ ಗಿಡಗಳೆಲ್ಲ ಬದುಕಿದವು, ಬೆಳೆದವು ಅಂತಲೇ ಇಟ್ಟುಕೊಳ್ಳೋಣ. ಆಗಲೂ ‘ಲೆಕ್ಕ ಚುಕ್ತಾ’ ಆಗುವುದಿಲ್ಲ. ನನ್ನ ಉತ್ತರದ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಂಗಾಲ ಎರಡು ಬಗೆಯ ಜಾಗದಲ್ಲಿದೆ. ಒಂದು, ಗಾಳಿ, ಮರ, ಮಣ್ಣು, ಸಮುದ್ರದ ಮೇಲ್ಪದರ. ಇಲ್ಲಿನ ಇಂಗಾಲ ಸದಾ ಓಡಾಡುತ್ತಲೇ ಇರುತ್ತದೆ. ಚಿಗುರಿದಾಗ ಮರಕ್ಕೆ ಬರುತ್ತದೆ, ಎಲೆ ಕೊಳೆತಾಗ, ಕಾಂಡ ಉರಿದಾಗ ಗಾಳಿಗೆ ಹೋಗುತ್ತದೆ. ಇನ್ನೊಂದು, ಕಲ್ಲಿದ್ದಲು, ತೈಲ, ಗ್ಯಾಸು. ಕೋಟ್ಯಂತರ ವರ್ಷ ನೆಲದಡಿ ಬೀಗ ಹಾಕಿಟ್ಟದ್ದು. ಅದಕ್ಕೂ ಮೇಲಿನ ಓಡಾಟಕ್ಕೂ ಸಂಬಂಧವೇ ಇರಲಿಲ್ಲ. ನಿಮ್ಮ ಬಾಯ್ಲರ್ ಮಾಡಿದ್ದು ಆ ಬೀಗ ತೆಗೆದು, ಒಳಗಿನದನ್ನು ಅಂಗಳಕ್ಕೆ ತಂದು ಸುರಿದದ್ದು. ಗಿಡ ನೆಟ್ಟಾಗ ಅಂಗಳದಲ್ಲೇ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದ ಹಾಗಾಯಿತು. ಅಂಗಳದಲ್ಲಿರುವ ಒಟ್ಟು ಮಾತ್ರ ಜಾಸ್ತಿಯಾಗಿಯೇ ಉಳಿಯಿತು.

ಹಾಗೆ ಸುರಿದದ್ದರಲ್ಲಿ ಒಂದು ಗಣನೀಯ ಪಾಲು ಸಾವಿರ ವರ್ಷ ಕಳೆದರೂ ಗಾಳಿಯಲ್ಲೇ ಇರುತ್ತದೆ. ಮರದ ಆಯಸ್ಸು ನಿಮಗೆ ಗೊತ್ತೇ ಇದೆ. ಯೋಜನೆಯ ಒಪ್ಪಂದದ ಆಯಸ್ಸು ಅದಕ್ಕಿಂತಲೂ ಕಡಿಮೆ. 30 ವರ್ಷ, 40 ವರ್ಷ ಅಂತ ಬರೆದಿರುತ್ತಾರೆ. ಗಟ್ಟಿ ನಿಯಮ ಇರುವ ಕಡೆ 100 ವರ್ಷ.

ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಗಾಳಿ ಅಳೆಯಲು ಶುರುಮಾಡಿದಾಗ ಪ್ರತಿ 10 ಲಕ್ಷ ಅಣುಗಳಲ್ಲಿ ಡೈಆಕ್ಸೈಡ್ 315ರಷ್ಟಿತ್ತು. ಈಗ 420 ದಾಟಿದೆ. ಇಷ್ಟೂ ವರ್ಷ ಕಾಡು, ಸಮುದ್ರ ಸುಮ್ನೆ ಕೂತಿರಲಿಲ್ಲ. ನಾವು ಬಿಟ್ಟದ್ದರಲ್ಲಿ ಸುಮಾರು ಅರ್ಧವನ್ನು ಅವೇ ನುಂಗಿದವು. ಅಷ್ಟು ನುಂಗಿದ ಮೇಲೂ ಉಳಿದದ್ದು ಈ ಏರಿಕೆ. ಪ್ರಪಂಚ ಈಗ ಇಂಧನ ಉರಿಸಿ ವರ್ಷಕ್ಕೆ ಬಿಡುತ್ತಿರುವುದು ಸುಮಾರು 3,700 ಕೋಟಿ ಟನ್.

ಇನ್ನೂ ಒಂದು ಲೆಕ್ಕ ಮಾಲೀಕರಿಗೆ ತೋರಿಸಿ. ಈ ವರ್ಷದ 2,000 ಟನ್ನಿಗೆ 10,000 ಗಿಡ. ಮುಂದಿನ ವರ್ಷ ಬಾಯ್ಲರ್ ಮತ್ತೆ ಉರಿಯುತ್ತದೆ, ಮತ್ತೆ 10,000 ಬೇಕು. ಮೊದಲ ಗಿಡ ದೊಡ್ಡ ಮರ ಆಗುವ 30 ವರ್ಷದಲ್ಲಿ 3 ಲಕ್ಷ ಗಿಡ. ಹೆಕ್ಟೇರಿಗೆ 1,000 ಅಂದರೂ 300 ಹೆಕ್ಟೇರ್ ನೆಲ. ಅದೂ ನಿಮ್ಮ ಮೂರನೇ ಒಂದು ಪಾಲಿಗೆ ಮಾತ್ರ, ಅದೂ ಒಂದೇ ಒಂದು ಕಾರ್ಖಾನೆಗೆ. ಆ ನೆಲದಲ್ಲಿ ಮುಂದೆಯೂ ಯಾರೂ ಉಳುವಂತಿಲ್ಲ, ಮನೆ ಕಟ್ಟುವಂತಿಲ್ಲ, ಬೆಂಕಿ ಬೀಳುವಂತಿಲ್ಲ.

ಬೆಂಕಿಯ ಮಾತು ಬಂತು ಅಂತ ಹೇಳುತ್ತೇನೆ. ಇಂಥ ನಷ್ಟಕ್ಕೆಂದೇ ಯೋಜನೆಗಳು ತಮ್ಮ ಕ್ರೆಡಿಟ್‌ನಲ್ಲಿ ಒಂದು ಪಾಲನ್ನು ಮಾರದೆ ತೆಗೆದಿಡುತ್ತವೆ. ಬಫರ್ ಅನ್ನುತ್ತಾರೆ, ಒಂದು ರೀತಿ ವಿಮೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಯೋಜನೆ ಇದರಲ್ಲಿ ಕಟ್ಟುನಿಟ್ಟು ಎಂದು ಹೆಸರಾದದ್ದು, ಇಂಗಾಲ 100 ವರ್ಷ ಉಳಿಯಬೇಕು ಅನ್ನುವುದು ಅಲ್ಲಿನ ನಿಯಮ. 2021ರಲ್ಲಿ ಪಕ್ಕದ ಓರೆಗಾನ್ ರಾಜ್ಯದಲ್ಲಿ ಬೂಟ್‌ಲೆಗ್ ಎಂಬ ಕಾಳ್ಗಿಚ್ಚು ಆ ಯೋಜನೆಗೆ ಸೇರಿದ ಕಾಡಿಗೂ ನುಗ್ಗಿತು. ಮರುವರ್ಷ ಬಂದ ಒಂದು ಅಧ್ಯಯನ ಬಫರಿನ ಲೆಕ್ಕ ಬಿಡಿಸಿ ನೋಡಿತು. 100 ವರ್ಷದ ಬೆಂಕಿಗೆ ಅಂತ ತೆಗೆದಿಟ್ಟ ಪಾಲಿನಲ್ಲಿ ನೂರಕ್ಕೆ 95ರಷ್ಟು ಮೊದಲ 10 ವರ್ಷದಲ್ಲೇ ಖರ್ಚಾಗಿತ್ತು. ಭೂಮಿ ಬಿಸಿಯಾದಷ್ಟೂ ಬೆಂಕಿ ಜಾಸ್ತಿ. ಬಿಸಿಗೆ ಪರಿಹಾರ ಅಂತ ಇಟ್ಟುಕೊಂಡದ್ದನ್ನೇ ಬಿಸಿ ತಿನ್ನುತ್ತಿದೆ.

ಇನ್ನು ನಿಮ್ಮ 4,000 ಕ್ರೆಡಿಟ್, ಕಾಡು ಕಡಿಯದಂತೆ ಉಳಿಸಿದ್ದು. ಇಲ್ಲಿ ಅಳೆಯುತ್ತಿರುವುದು ನಡೆದದ್ದನ್ನಲ್ಲ, ನಡೆಯದೇ ಹೋದದ್ದನ್ನು. ‘ನಾವು ಬರದೇ ಇದ್ದಿದ್ದರೆ ಇಷ್ಟು ಎಕರೆ ಕಡಿಯುತ್ತಿದ್ದರು. ಬಂದೆವು, ಕಡಿಯಲಿಲ್ಲ. ಆ ವ್ಯತ್ಯಾಸ ನಮ್ಮದು’ ಅನ್ನುವುದು ವಾದ. ‘ಇದ್ದಿದ್ದರೆ’ ಅನ್ನುವ ಆ ಊಹೆಗೆ ಬೇಸ್‌ಲೈನ್ ಅಂತ ಹೆಸರು. ಊಹೆ ದೊಡ್ಡದಾದಷ್ಟೂ ಕ್ರೆಡಿಟ್ ಜಾಸ್ತಿ.

ಒಮ್ಮೆ ಒಂದು ‘ಅಪಾಯದಲ್ಲಿರುವ’ ಕಾಡನ್ನು ನೋಡಲು ಹೋಗಿದ್ದೆ. ಕಡಿದಾದ ಇಳಿಜಾರು. ಎರಡು ಗಂಟೆ ಹತ್ತಿದ ಮೇಲೆ ಜೊತೆಗಿದ್ದ ಕಾವಲುಗಾರನನ್ನು ಕೇಳಿದೆ, ಇಲ್ಲಿ ಮರ ಕಡಿಯೋರು ಯಾವ ಕಡೆಯಿಂದ ಬರ್ತಾರಪ್ಪಾ ಅಂತ. ಅವನು ನಕ್ಕ. ‘ಇಲ್ಲಿಗೆ ಕೊಡಲಿ ಹೊತ್ಕೊಂಡು ಯಾರು ಬರ್ತಾರೆ ಮೇಡಂ, ನಾವೇ ಖಾಲಿ ಕೈಯಲ್ಲಿ ಹತ್ತೋಕೆ ಆಗ್ತಿಲ್ಲ.’ ಕೆಳಗಿನ ಬಯಲಿನಲ್ಲಿ ಮರ ಕಡಿದ ವೇಗವನ್ನೇ ಈ ಗುಡ್ಡಕ್ಕೂ ಹಚ್ಚಿ ಬೇಸ್‌ಲೈನ್ ಮಾಡಿದ್ದರು. ನಿಯಮದ ಪುಸ್ತಕದ ಪ್ರಕಾರ ಅದು ತಪ್ಪೂ ಅಲ್ಲ. ನಾನು ಒಂದು ಟಿಪ್ಪಣಿ ಬರೆದೆ. ಯೋಜನೆ ಪಾಸಾಯಿತು.

ಇದು ನನ್ನೊಬ್ಬಳ ಅನುಭವ ಅಂದುಕೊಳ್ಳಬೇಡಿ. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಆರು ದೇಶಗಳ 26 ಕಾಡು ಉಳಿಸುವ ಯೋಜನೆಗಳನ್ನು ಅವುಗಳಂಥದ್ದೇ ಬೇರೆ ಕಾಡುಗಳ ಜೊತೆ ಹೋಲಿಸಿ ನೋಡಿದ್ದರು. ಹೆಚ್ಚಿನವು ಮರ ಕಡಿಯುವುದನ್ನು ಹೇಳಿಕೊಳ್ಳುವಷ್ಟು ತಗ್ಗಿಸಿರಲಿಲ್ಲ. ಲೆಕ್ಕ ಸಿಕ್ಕ ಯೋಜನೆಗಳಲ್ಲಿ, ಹೇಳಿಕೊಂಡ ಕ್ರೆಡಿಟ್ಟಿನಲ್ಲಿ ನೂರಕ್ಕೆ ಸುಮಾರು 6 ಮಾತ್ರ ನಿಜವಾದ ಉಳಿತಾಯಕ್ಕೆ ತಾಳೆಯಾಯಿತು. ಯೋಜನೆಯವರು ಇದನ್ನು ಒಪ್ಪಲಿಲ್ಲ, ಹೋಲಿಕೆಗೆ ಆರಿಸಿದ ಕಾಡುಗಳೇ ಸರಿಯಿಲ್ಲ ಅಂದರು. ಚರ್ಚೆ ಇನ್ನೂ ಇದೆ. ಆದರೆ 6 ಅನ್ನುವುದು 30 ಆದರೂ ನಿಮ್ಮ 4,000 ಎಲ್ಲಿ ನಿಲ್ಲುತ್ತದೆ ನೋಡಿ.

ಯಾಕೆ ಹೀಗಾಗುತ್ತದೆ? ಕಳ್ಳರು ಜಾಸ್ತಿ ಇದ್ದಾರೆ ಅಂತಲ್ಲ. ಸಂಖ್ಯೆ ದೊಡ್ಡದಾದರೆ ಎಲ್ಲರಿಗೂ ಅನುಕೂಲ, ಅಷ್ಟೇ. ಯೋಜನೆಯವರಿಗೆ ಮಾರಲು ಜಾಸ್ತಿ ಸಿಗುತ್ತದೆ. ಮಧ್ಯವರ್ತಿಗೆ ಕಮಿಷನ್. ಕ್ರೆಡಿಟ್‌ಗಳನ್ನು ದಾಖಲಿಸುವ ನೋಂದಣಿ ಸಂಸ್ಥೆಗೆ ಕ್ರೆಡಿಟ್ ಲೆಕ್ಕದಲ್ಲೇ ಶುಲ್ಕ. ಕೊಳ್ಳುವವರಿಗೆ ಅಗ್ಗ. ತಪಾಸಣೆಗೆ ಹೋದ ನನ್ನಂಥವರ ಸಂಬಳ ಕೊಡುವವರೂ ಯೋಜನೆಯವರೇ. ಸಂಖ್ಯೆ ಚಿಕ್ಕದಾಗಲಿ ಅಂತ ಬಯಸುವವರು ಆ ಮೇಜಿನ ಸುತ್ತ ಒಬ್ಬರೂ ಇರುವುದಿಲ್ಲ.

ಹಾಗಾದರೆ ನಿಮ್ಮ ಮೊದಲ ಸಹೋದ್ಯೋಗಿ ಗೆದ್ದರೇ? ಪೂರ್ತಿ ಗೆದ್ದಿಲ್ಲ. ಕಸದ ಗುಡ್ಡದಿಂದ ಏಳುವ ಮೀಥೇನನ್ನು ಪೈಪಿನಲ್ಲಿ ಹಿಡಿದು ಉರಿಸುವ ಯೋಜನೆಗಳನ್ನು ನೋಡಿದ್ದೇನೆ. ಅಲ್ಲಿ ಮೀಟರ್ ಇದೆ, ಹಿಡಿದದ್ದು ಎಷ್ಟು ಅಂತ ಕಣ್ಣಿಗೆ ಕಾಣುತ್ತದೆ, ಒಮ್ಮೆ ಉರಿದ ಮೀಥೇನ್ ಮತ್ತೆ ಹುಟ್ಟಿ ಬರುವುದಿಲ್ಲ. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿ ಹಿಡಿಯುವ ಅನಿಲ, ಹಾಗಾಗಿ ಇದು ಸಣ್ಣ ಕೆಲಸ ಅಲ್ಲ. ಕಾಡಿನಲ್ಲೇ ಬದುಕುವ ಜನರಿಗೆ ನೆಲದ ಹಕ್ಕುಪತ್ರ ಸಿಕ್ಕು, ಅವರೇ ಕಾವಲು ಕಾಯ್ದು ಕಾಡು ಉಳಿದ ಕಡೆಗಳೂ ಇವೆ. ಆ ಕೆಲಸಕ್ಕೆ ಹಣ ಹೋದರೆ ನನಗೆ ಸಂತೋಷವೇ. ನನ್ನ ತಕರಾರು ಆ ಹಣದ ರಸೀದಿಯನ್ನು ನಿಮ್ಮ ಬಾಯ್ಲರಿನ ಲೆಕ್ಕದಲ್ಲಿ ಕಳೆಯುವುದರ ಬಗ್ಗೆ.

ಅಳೆಯುವುದು ಸುಲಭ ಇದ್ದ ಕಡೆಯೂ ಎಡವಟ್ಟು ಆಗುತ್ತದೆ ಅನ್ನುವುದಕ್ಕೆ ಒಂದು ಹಳೇ ಪ್ರಕರಣ ಹೇಳಿಬಿಡುತ್ತೇನೆ. ಹವಾಮಾನದ ಬಗ್ಗೆ ದೇಶಗಳು ಮಾಡಿಕೊಂಡ 1997ರ ಕ್ಯೋಟೊ ಒಪ್ಪಂದದ ಅಡಿ ಕ್ರೆಡಿಟ್ ವ್ಯವಸ್ಥೆ ಬಂದಾಗ, ಫ್ರಿಜ್ಜಿಗೆ ಬೇಕಾದ ಒಂದು ಅನಿಲ ಮಾಡುವ ಕಾರ್ಖಾನೆಗಳು ಜೊತೆಯಲ್ಲಿ ಹುಟ್ಟುವ ಎಚ್‌ಎಫ್‌ಸಿ-23 ಎಂಬ ಅನಿಲವನ್ನು ಸುಟ್ಟು ಕ್ರೆಡಿಟ್ ಪಡೆದವು. ಅದು ಡೈಆಕ್ಸೈಡಿಗಿಂತ 10,000 ಪಟ್ಟಿಗೂ ಮೀರಿ ಬಿಸಿ ಹಿಡಿಯುವ ಅನಿಲ. ಸುಡುವ ಖರ್ಚು ಸ್ವಲ್ಪ, ಕ್ರೆಡಿಟ್ಟಿನ ಆದಾಯ ರಾಶಿ. ಕೊನೆಗೆ ಮುಖ್ಯ ಸರಕಿಗಿಂತ ಕಸವೇ ಲಾಭದ್ದಾಯಿತು. ಸುಡಲಿಕ್ಕೆ ಸಿಗಲಿ ಅಂತಲೇ ಕೆಲವರು ಜಾಸ್ತಿ ಉತ್ಪಾದಿಸಿದರು. 2013ರಲ್ಲಿ ಯುರೋಪ್ ಒಕ್ಕೂಟ ಆ ಕ್ರೆಡಿಟ್ ಬಳಸುವುದನ್ನು ನಿಲ್ಲಿಸಿತು. ಓಝೋನ್ ಪದರ ಕಾಪಾಡುವ ಮಾಂಟ್ರಿಯಲ್ ಒಪ್ಪಂದಕ್ಕೆ 2016ರ ಕಿಗಾಲಿ ತಿದ್ದುಪಡಿ ಬಂದ ಮೇಲೆ ಆ ಅನಿಲವನ್ನು ಸಾಧ್ಯವಾದಷ್ಟು ಸುಡುವುದು ಒಪ್ಪಿದ ದೇಶಗಳ ಹೊಣೆ. ಕ್ರೆಡಿಟ್ ಇಲ್ಲ, ಮಾರಾಟ ಇಲ್ಲ, ನೇರ ನಿಯಮ. ನನ್ನ ವೃತ್ತಿಗೆ ಇದು ಒಳ್ಳೆಯ ಸುದ್ದಿ ಅಲ್ಲ. ಆದರೂ ಎರಡರಲ್ಲಿ ಯಾವುದು ವಾಸಿ ಅಂದರೆ ನಾನು ನಿಯಮದ ಕಡೆಗೇ ಕೈ ತೋರಿಸುತ್ತೇನೆ.

ಈಗ ನಿಮ್ಮ ಡಬ್ಬಿಗೆ ಬರೋಣ. ಆ 6,000 ಟನ್ ಅಂತ ಕೊಟ್ಟರಲ್ಲ, ಅದರಲ್ಲಿ ಏನೇನು ಸೇರಿದೆ ಅಂತ ವರದಿ ತೆಗೆದು ನೋಡಿ. ಸಾಮಾನ್ಯವಾಗಿ ಬಾಯ್ಲರಿನ ಗ್ಯಾಸು, ಕೊಂಡ ಕರೆಂಟು, ಸ್ವಂತ ಲಾರಿ ಇಷ್ಟೇ ಇರುತ್ತವೆ. ಕಾಗದದ ಗಿರಣಿಯಿಂದ ನಿಮಗೆ ಬರುವ ರೋಲುಗಳು ಇರುವುದಿಲ್ಲ. ಕಾರ್ಖಾನೆಯ ಲೆಕ್ಕ ಅಂತ ಹೇಳಿದರೆ ಅದು ಪರವಾಗಿಲ್ಲ. ಆದರೆ ಡಬ್ಬಿಯ ಮೇಲೆ ಬರೆದರೆ ಡಬ್ಬಿಯ ಬಗ್ಗೆ ಹೇಳಿದ ಹಾಗಾಗುತ್ತದೆ. ಡಬ್ಬಿ ಅಂದರೆ ಮುಕ್ಕಾಲು ಮೂರು ಪಾಲು ಕಾಗದವೇ. ತಿರುಳು ಬೇಯಿಸಿ, ಒಣಗಿಸಿ ಕಾಗದ ಮಾಡುವ ಕಡೆ ಉರಿಯುವ ಇಂಧನ ಕಡಿಮೆಯದ್ದಲ್ಲ. ಅದನ್ನು ಹೊರಗಿಟ್ಟು ‘ಈ ಡಬ್ಬಿ ನ್ಯೂಟ್ರಲ್’ ಅಂದರೆ, ಕ್ರೆಡಿಟ್ ಎಷ್ಟೇ ಶುದ್ಧ ಇರಲಿ, ವಾಕ್ಯವೇ ತಪ್ಪು. ನೀವು ಕೇಳಿದ ‘ಸುಳ್ಳಾಗುತ್ತದೆಯೇ’ ಅನ್ನುವ ಪ್ರಶ್ನೆಗೆ ಇದೊಂದೇ ಸಾಕು, ಕಾಡಿನ ವಾದ ಬೇಕಾಗಿಯೇ ಇಲ್ಲ.

ಕಾನೂನಿನ ಕಡೆಯಿಂದಲೂ ಗಾಳಿ ಬದಲಾಗುತ್ತಿದೆ. ಯುರೋಪ್ ಒಕ್ಕೂಟ 2024ರಲ್ಲಿ ಒಂದು ನಿರ್ದೇಶನ ತಂದಿದೆ. ಕ್ರೆಡಿಟ್ ಕೊಂಡ ಆಧಾರದ ಮೇಲೆ ‘ಈ ಸರಕಿನಿಂದ ಹವಾಮಾನಕ್ಕೆ ಹಾನಿಯಿಲ್ಲ’ ಅನ್ನುವ ಅರ್ಥದ ಮಾತನ್ನು ಗ್ರಾಹಕರಿಗೆ ಹೇಳುವುದನ್ನು ಅದು ನಿಷೇಧಿಸುತ್ತದೆ. 2026ರ ಸೆಪ್ಟೆಂಬರ್ 27ರಿಂದ ಅನ್ವಯ. ನಿಮ್ಮ ಡಬ್ಬಿಯಲ್ಲಿ ತುಂಬಿದ ಸರಕು ಅಲ್ಲಿಗೆ ಹೋಗುವುದಿದ್ದರೆ ನಿಮ್ಮ ಗಿರಾಕಿಗಳೇ ಆ ಪದ ತೆಗೆಯಿರಿ ಅನ್ನುತ್ತಾರೆ. ಮಾಲೀಕರು ‘ಹಾಗಾದ್ರೆ ಕ್ಲೈಮೇಟ್ ಪಾಸಿಟಿವ್ ಅಂತ ಹಾಕೋಣ’ ಅಂದರೆ, ಅಳಿಯ ಅಲ್ಲ ಮಗಳ ಗಂಡ ಅಂತ ನಗುತ್ತಾ ಹೇಳಿಬಿಡಿ.

ಹಾಗಾದರೆ ಏನು ಮಾಡಬಹುದು? ಎಲ್ಲಕ್ಕೂ ಒಂದಷ್ಟು ಅಪಾಯ ಇದೆ, ಅದನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲು ಬಾಯ್ಲರ್ ಮನೆ. ರಟ್ಟಿಗೆ ಏರಿಳಿತ ಕೊಡುವ ಯಂತ್ರಕ್ಕೆ ಹಬೆ ಬೇಕು, ನಿಮ್ಮ ಗ್ಯಾಸಿನ ದೊಡ್ಡ ಪಾಲು ಅಲ್ಲೇ ಹೋಗುತ್ತಿರುತ್ತದೆ. ಹಬೆಯ ಪೈಪಿಗೆ ಹೊದಿಕೆ ಸರಿಯಿದೆಯೇ, ಸ್ಟೀಮ್ ಟ್ರ್ಯಾಪ್‌ಗಳು (ಹಬೆ ತಡೆದು ನೀರನ್ನು ಮಾತ್ರ ಹೊರಬಿಡುವ ಕವಾಟಗಳು) ಕೆಟ್ಟು ಹಬೆ ಸುಮ್ನೆ ಹೋಗುತ್ತಿದೆಯೇ, ಯಂತ್ರ ದಾಟಿ ಬಿಸಿನೀರಾದದ್ದು ಬಾಯ್ಲರಿಗೆ ವಾಪಸ್ ಬರುತ್ತಿದೆಯೇ ಅಥವಾ ಚರಂಡಿಗೆ ಹೋಗುತ್ತಿದೆಯೇ ನೋಡಿಸಿ. ಗಾಳಿಯ ಕಂಪ್ರೆಸರ್ ಇದ್ದರೆ ಒಂದು ರಜೆಯ ದಿನ ಎಲ್ಲ ಯಂತ್ರ ನಿಲ್ಲಿಸಿ ಅದನ್ನು ಮಾತ್ರ ಓಡಿಸಿ, ಕಿವಿ ಕೊಟ್ಟು ನಡೆದಾಡಿ. ಸರಿಯಾಗಿ ನೋಡಿಕೊಳ್ಳದ ಕಡೆ ಕಂಪ್ರೆಸರಿನ ಗಾಳಿಯಲ್ಲಿ ನೂರಕ್ಕೆ 20ರಿಂದ 30 ಪಾಲು ಸೋರಿಕೆಗೇ ಹೋಗುವುದು ಮಾಮೂಲು. ಪ್ರತಿ ಘನ ಮೀಟರ್ ಗ್ಯಾಸು ಉಳಿದರೆ ಸುಮಾರು 2 ಕೆಜಿ ಡೈಆಕ್ಸೈಡ್ ಹುಟ್ಟುವುದೇ ಇಲ್ಲ. ಅದಕ್ಕೆ ಬೇಸ್‌ಲೈನ್ ಬೇಡ, ಕಾವಲುಗಾರ ಬೇಡ, ಮೀಟರ್ ಓದಿದರೆ ಆಯಿತು. ಅಪಾಯ ಏನು ಅಂದರೆ, ಮೊದಲೇ ಬಂಡವಾಳ ಹಾಕಬೇಕು, ಕೆಲಸಕ್ಕೆ ಯಂತ್ರ ನಿಲ್ಲಿಸಬೇಕು, ಉತ್ಪಾದನಾ ವಿಭಾಗದವರು ಗೊಣಗುತ್ತಾರೆ. ಕ್ರೆಡಿಟ್ ಕೊಳ್ಳುವುದು ಇಷ್ಟು ಜನಪ್ರಿಯ ಆದದ್ದೇ ಅದಕ್ಕೆ ಯಾರೂ ಗೊಣಗುವುದಿಲ್ಲ ಅಂತ.

ಕರೆಂಟಿನ ವಿಷಯದಲ್ಲಿ ಒಂದೇ ಮಾತು. ಬೇರೆಲ್ಲೋ ಸೌರ, ಗಾಳಿ ವಿದ್ಯುತ್ ಮಾಡಿದ್ದಕ್ಕೆ ಕೊಡುವ ಹಸಿರು ಸರ್ಟಿಫಿಕೇಟನ್ನು ಮಾತ್ರ ಕೊಂಡರೆ ಇದೇ ಕಥೆ ಇನ್ನೊಂದು ರೂಪದಲ್ಲಿ ಶುರುವಾಗುತ್ತದೆ. ನಿಮ್ಮ ಚಾವಣಿಯ ಮೇಲೆ ಸೌರ ಫಲಕ, ಇಲ್ಲವೇ ಹೊಸದಾಗಿ ಕಟ್ಟುವ ಸೌರ ಅಥವಾ ಗಾಳಿ ಸ್ಥಾವರದ ಜೊತೆ ದೀರ್ಘಾವಧಿ ಒಪ್ಪಂದ, ಇವೆರಡು ಗಟ್ಟಿ.

ಇಷ್ಟಾದ ಮೇಲೂ ಕ್ರೆಡಿಟ್ ಬೇಕು ಅಂದರೆ ಕೊಳ್ಳಿ, ಆದರೆ ಕೇಳಿ ಕೊಳ್ಳಿ. ಅಳೆದ ಮೇಲೆ ಕೊಟ್ಟದ್ದೇ, ಮುಂದೆ ಆಗುತ್ತದೆ ಅಂತ ಕೊಟ್ಟದ್ದೇ? ಬೇಸ್‌ಲೈನ್ ಹಾಕಿದವರು ಯಾರು, ಅವರಿಗೆ ಹಣ ಯಾರದ್ದು? ನಿಮ್ಮ ಹೆಸರಲ್ಲಿ ಬಳಸಿ ಮುಗಿಯಿತು ಅಂತ ನೋಂದಣಿ ಪುಸ್ತಕದಲ್ಲಿ ರದ್ದು ಮಾಡಿದ್ದಾರೆಯೇ, ಇಲ್ಲವೇ ಅದೇ ಕ್ರೆಡಿಟ್ ಇನ್ನೊಬ್ಬರಿಗೂ ಹೋಗಬಹುದೇ? ಆ ನೆಲದಲ್ಲಿ ಮೊದಲಿಂದ ಇದ್ದ ಜನ ಒಪ್ಪಿದ್ದಾರೆಯೇ? ಹೀಗೆ ಕೇಳಿದರೆ ಸಿಗುವುದು ಕಡಿಮೆ, ಬೆಲೆ ಜಾಸ್ತಿ. ನನ್ನ ಪ್ರಕಾರ ಅದು ಒಳ್ಳೆಯ ಲಕ್ಷಣ.

ಗಾಳಿಯಿಂದ ಯಂತ್ರದಲ್ಲಿ ಡೈಆಕ್ಸೈಡ್ ಹಿಡಿದು ಬಂಡೆಯೊಳಗೆ ಕಲ್ಲಾಗಿಸುವುದು ಮಾತ್ರ ನಿಜವಾಗಿ ನೆಲದಡಿಗೆ ವಾಪಸ್ ಕಳಿಸಿದ ಹಾಗೆ. ನಿಮ್ಮ ಮಾಲೀಕರು ಅದರ ಬಗ್ಗೆ ಓದಿರಬಹುದು. ಐಸ್‌ಲ್ಯಾಂಡಿನಲ್ಲಿ 2021ರಲ್ಲಿ ಶುರುವಾದ ಅಂಥ ಸ್ಥಾವರದ ಸಾಮರ್ಥ್ಯ ಅಂತ ಹೇಳಿದ್ದು ವರ್ಷಕ್ಕೆ 4,000 ಟನ್, ಹಿಡಿದದ್ದು ಅದಕ್ಕಿಂತಲೂ ಕಡಿಮೆ. ನಿಮ್ಮ ಒಂದು ಡಬ್ಬಿ ಕಾರ್ಖಾನೆಯ ಲೆಕ್ಕಕ್ಕೂ ಅದು ಸಾಲದು. 2024ರಲ್ಲಿ 36,000 ಟನ್ ಗುರಿಯ ಇನ್ನೊಂದು ಶುರುವಾಯಿತು. ಬೆಳೆಯಲಿ, ಬೆಳೆಯಬೇಕು ಕೂಡ. ಸದ್ಯಕ್ಕೆ ಅದನ್ನು ನಂಬಿ ಬಾಯ್ಲರ್ ಉರಿಸುವ ಹಾಗಿಲ್ಲ.

ನಾನು ಹೆಚ್ಚು ಒಪ್ಪುವ ದಾರಿ ಇನ್ನೊಂದಿದೆ. ಕಾಡಿಗೆ ಹಣ ಕೊಡಿ, ಕೊಟ್ಟೆವು ಅಂತ ಹೇಳಿ, ಆದರೆ ಕಳೆಯಬೇಡಿ. ಲೆಕ್ಕದ ಪುಸ್ತಕದಲ್ಲಿ 6,000 ಹಾಗೇ ಇರಲಿ, ಪಕ್ಕದ ಪುಟದಲ್ಲಿ ಕಾಡಿನ ಸಹಾಯ ಬೇರೆ ಇರಲಿ. ಡಬ್ಬಿಯ ಮೇಲೆ ಹೀಗೆ ಬರೆಯಬಹುದು: ‘ನಮ್ಮ ಕಾರ್ಖಾನೆಯಲ್ಲಿ ಪ್ರತಿ ಡಬ್ಬಿಗೆ ಉರಿಸುವ ಗ್ಯಾಸನ್ನು ಕಳೆದ ವರ್ಷಕ್ಕಿಂತ ಇಷ್ಟು ಕಡಿಮೆ ಮಾಡಿದ್ದೇವೆ. ಕಾಡು ಉಳಿಸುವ ಕೆಲಸಕ್ಕೂ ಹಣ ಕೊಡುತ್ತಿದ್ದೇವೆ.’ ‘ಇಷ್ಟು’ ಅನ್ನುವ ಜಾಗದಲ್ಲಿ ಮೀಟರಿನ ಸಂಖ್ಯೆ ಹಾಕಿ. ಇದರ ಅಪಾಯವನ್ನೂ ಹೇಳಬೇಕು. ಇದು ಎರಡು ಪದದ ಮಿಂಚು ಅಲ್ಲ. ಪಕ್ಕದ ಕಂಪನಿ ದಪ್ಪ ಅಕ್ಷರದಲ್ಲಿ ‘ನ್ಯೂಟ್ರಲ್’ ಅಂತ ಹಾಕಿಕೊಂಡಾಗ ನಿಮ್ಮದು ಸಪ್ಪೆ ಕಾಣುತ್ತದೆ. ಮುಂದಿನ ವರ್ಷ ಸಂಖ್ಯೆ ಇಳಿಯದಿದ್ದರೆ ಬರೆಯಲು ಏನೂ ಇರುವುದಿಲ್ಲ, ಮಾಲೀಕರಿಗೆ ಅದೂ ಒಂದು ಕಿರಿಕಿರಿ.

ಮಾಲೀಕರ ಹತ್ತಿರ ಮಾತಾಡುವಾಗ ‘ಮೋಸ’ ಅನ್ನುವ ಪದ ತರಬೇಡಿ. ಅವರು ಹಣ ಕೊಟ್ಟಿದ್ದಾರೆ, ಸದುದ್ದೇಶದಿಂದಲೇ ಕೊಟ್ಟಿದ್ದಾರೆ. ‘ಸರ್, ಕಾಗದದ ರೋಲು ನಮ್ಮ ಲೆಕ್ಕದಲ್ಲಿ ಇಲ್ಲ, ಯಾರಾದರೂ ಕೇಳಿದರೆ ಏನು ಹೇಳೋಣ?’ ಅನ್ನುವಲ್ಲಿಂದ ಶುರುಮಾಡಿ. ಆ ಪ್ರಶ್ನೆಗೆ ವಾದ ಬೇಕಾಗುವುದಿಲ್ಲ.

ಆ ಎರಡು ಸರ್ಟಿಫಿಕೇಟ್ ಬಿಸಾಡಬೇಡಿ, ಫೈಲಿನಲ್ಲಿ ಇಡಿ. ಇಡುವ ಮುಂಚೆ ಮಧ್ಯವರ್ತಿಗೆ ಎರಡು ಸಾಲಿನ ಒಂದು ಪತ್ರ ಹಾಕಿ. ನೆಟ್ಟ 10,000ದಲ್ಲಿ ಈಗ ಬದುಕಿರುವುದು ಎಷ್ಟು, ಕೊನೆಯ ಸಲ ಎಣಿಸಿದ ದಿನ ಯಾವುದು ಅಂತ ಕೇಳಿ. ಉತ್ತರದ ಜೊತೆ ಅದು ಎಷ್ಟು ದಿನಕ್ಕೆ ಬಂತು ಅನ್ನುವುದನ್ನೂ ಆ ಫೈಲಿನಲ್ಲೇ ಬರೆದಿಟ್ಟುಕೊಳ್ಳಿ.